ಪೆರಿಸ್ಕೋಪಿನಲ್ಲಿ ಕಂಡವನು

ಮೊದಲ ದಿನವೇ ಮಾರ್ವೆನ್ನಾ ಟ್ರೆವೋಸ್, ಎಲ್ಲರ ಬಾಯಲ್ಲಿ ವೆನ್ನಾ, ತಪ್ಪು ಮನುಷ್ಯನಿಗೆ ‘ಸರ್’ ಎಂದಿದ್ದಳು. ಒಂದು ಸಲವಲ್ಲ, ಕಪ್ಪಿನಲ್ಲಿದ್ದ ಚಹ ಆರಿ ತಣ್ಣಗಾಗುವಷ್ಟು ಹೊತ್ತು.

ಫಾಸ್ಲೇನ್ ನೌಕಾನೆಲೆಯ ಆ ಕೋಣೆಯಲ್ಲಿ ಅವನೊಬ್ಬನೇ ನಿಂತಿದ್ದ. ಎತ್ತರದ ಆಳು. ಕಿವಿಯ ಬಳಿ ಕೂದಲು ಬೇಗನೆ ನರೆತಿತ್ತು. ಪದವಿಯ ಪಟ್ಟಿಯಿದ್ದ ಕೋಟನ್ನು ಕುರ್ಚಿಗೆ ನೇತುಹಾಕಿ, ಬರಿಯ ಬಿಳಿ ಅಂಗಿಯಲ್ಲಿ ಕಿಟಕಿಯಾಚೆಯ ನೀರು ನೋಡುತ್ತಿದ್ದ. ಇವರೇ ಟೀಚರ್ ಎಂದುಕೊಂಡಳು ಅವಳು. ಜಲಾಂತರ್ಗಾಮಿಗೆ ಕ್ಯಾಪ್ಟನ್ ಆಗಲು ಬಂದವರನ್ನು ಅರೆದು ಸೋಸುವ ಅಧಿಕಾರಿಗೆ ಆ ನೌಕಾಪಡೆಯಲ್ಲಿ ಟೀಚರ್ ಎಂದೇ ಹೆಸರು. ಹೆಸರು ಕೇಳಿದರೆ ಬಳಪ, ಸ್ಲೇಟು ನೆನಪಾಗಬಹುದು. ಮನುಷ್ಯ ಮಾತ್ರ ಹಾಗಿರುವುದಿಲ್ಲ.

ಅವಳು ನೆಟ್ಟಗೆ ನಿಂತು ಹೆಸರು ಹೇಳಿದಳು. ಅವನು ತಲೆಯಾಡಿಸಿದ. ಸುಮ್ಮನಿದ್ದು ಪರೀಕ್ಷಿಸುತ್ತಿದ್ದಾರೆ ಎಂದುಕೊಂಡು, ತಾನು ಯಾವ ಯಾವ ಜಲಾಂತರ್ಗಾಮಿಯಲ್ಲಿ ಇದ್ದೆ, ಯಾಕೆ ಕ್ಯಾಪ್ಟನ್ ಆಗಬೇಕು, ಪೆನ್‌ಜಾನ್ಸ್‌ನಲ್ಲಿ ಅಮ್ಮನ ಪೇಸ್ಟ್ರಿ ಅಂಗಡಿಯಲ್ಲಿ ಗಿರಾಕಿಗಳನ್ನು ಸಂಭಾಳಿಸಿದ್ದೇ ತನಗೆ ಸಿಕ್ಕ ಮೊದಲ ನಾಯಕತ್ವದ ಪಾಠ ಎನ್ನುವವರೆಗೆ ಎಲ್ಲವನ್ನೂ ಹೇಳಿದಳು. ಅವನು ತಲೆಯಾಡಿಸುತ್ತಲೇ ಇದ್ದ. ಆಗ ಹಿಂದಿನಿಂದ ಬಾಗಿಲು ತೆರೆಯಿತು. ಕುಳ್ಳಗೆ ಬೋಳುತಲೆಯ ಒಬ್ಬರು ಒದ್ದೆ ಛತ್ರಿ ಹಿಡಿದು ಒಳಬಂದರು. ‘ಸರ್’ ಎಂದು ಕರೆಸಿಕೊಂಡಾತ ಅವಳ ಪಕ್ಕದಲ್ಲೇ ಸರಕ್ಕನೆ ಅಟೆನ್ಷನ್‌ಗೆ ನಿಂತ.

ಅಂದು ಸಂಜೆ ಕ್ಯಾಂಟೀನಿನಲ್ಲಿ ಅವಳು ಅವನನ್ನು ಅಡ್ಡಹಾಕಿದಳು.

“ನಾನೂ ನಿಮ್ಮ ಹಾಗೇ ಪರೀಕ್ಷೆಗೆ ಬಂದೋನು ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?”

“ನೀವು ಚೆನ್ನಾಗಿ ಮಾತಾಡ್ತಿದ್ರಿ.”

“ಅದಕ್ಕೆ?”

“ನಿಲ್ಲಿಸೋಕೆ ಮನಸ್ಸಾಗಲಿಲ್ಲ.”

ಫರ್ಗಸ್ ಗಿಲ್ಲೀಸ್ ಎಂಬ ಆ ಮಹಾಶಯನಿಂದ ಆ ಸಂಜೆ ಹೊರಬಿದ್ದ ಮಾತು ಅಷ್ಟೇ. ಮಾಲೆಗ್ ಬಂದರಿನ ಮೀನುಗಾರರ ಮನೆಯವನು ಅವನು. ಆ ಮನೆಯಲ್ಲಿ ತುಟಿ ಎರಡು ಮಾಡುವುದು ಊಟಕ್ಕೆ ಮಾತ್ರವೇ ಎಂದು ಅವಳು ಮುಂದೆ ಕಾಡಿಸುತ್ತಿದ್ದಳು. ಅವನು ಅದಕ್ಕೂ ಉತ್ತರ ಕೊಡುತ್ತಿರಲಿಲ್ಲ. ಕಣ್ಣಿನ ಮೂಲೆಯಲ್ಲಿ ಮಾತ್ರ ಒಂದು ಗೆರೆ ಮೂಡಿ ಮಾಯವಾಗುತ್ತಿತ್ತು. ಆ ಗೆರೆಯನ್ನು ಇನ್ನೊಮ್ಮೆ ಮೂಡಿಸುವುದಕ್ಕಾಗಿಯೇ ಅವಳು ದಿನಕ್ಕೊಂದು ಹೊಸ ಮೂದಲಿಕೆ ಹುಡುಕತೊಡಗಿದಳು. ಇದು ಪ್ರೀತಿ ಅಲ್ಲದಿದ್ದರೆ ಇನ್ಯಾವುದು ಪ್ರೀತಿ, ನೀವೇ ಹೇಳಿ.

ಆದರೆ ಆ ಪರೀಕ್ಷೆ ಪ್ರೀತಿಗೆ ಜಾಗ ಬಿಡುವಂಥದ್ದಲ್ಲ. ಗೆದ್ದವರ ಕೈಗೆ ಪರಮಾಣು ಒಲೆಯಿಂದ ನಡೆಯುವ ಒಂದು ಜಲಾಂತರ್ಗಾಮಿ, ಅದರೊಳಗಿನ ನೂರಕ್ಕೂ ಹೆಚ್ಚು ಜೀವ. ಸೋತವರಿಗೆ ಒಂದು ಬಾಟಲಿ ವಿಸ್ಕಿ. ಅಷ್ಟೇ, ಮಧ್ಯದ ದಾರಿ ಇಲ್ಲ. ಸೋತವರ ಚೀಲವನ್ನು ಅವರಿಗೆ ಸುದ್ದಿ ಮುಟ್ಟುವ ಮೊದಲೇ ಯಾರೋ ತುಂಬಿಟ್ಟಿರುತ್ತಾರೆ. ಜಲಾಂತರ್ಗಾಮಿ ಮೇಲೇಳುತ್ತದೆ, ಒಂದು ಮೋಟಾರು ದೋಣಿ ಪಕ್ಕಕ್ಕೆ ಬರುತ್ತದೆ. ಬಾಟಲಿ ಕೈಗಿಟ್ಟು ಕಳಿಸುತ್ತಾರೆ. ಅವರು ಮತ್ತೆಂದೂ ಯಾವ ಜಲಾಂತರ್ಗಾಮಿಯಲ್ಲೂ ಕೆಲಸ ಮಾಡುವಂತಿಲ್ಲ. ಇಷ್ಟು ವರ್ಷ ಕಲಿತದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಸಮುದ್ರಕ್ಕೆ ಇಳಿಯುವ ಮುಂಚಿನ ಭಾನುವಾರ ಇಬ್ಬರೂ ಹೆಲೆನ್ಸ್‌ಬರೋದ ದಡದಲ್ಲಿ ಆಲೂ ಚಿಪ್ಸ್ ತಿನ್ನುತ್ತ ಕೂತಿದ್ದರು. ಒಳಗೆ ಹೋದ ಮೇಲೆ ಯಾರೂ ಯಾರನ್ನೂ ಮುಟ್ಟಬಾರದು, ಪ್ರೀತಿ ಗೀತಿ ಏನಿದ್ದರೂ ದಡದಲ್ಲಿ ಬಿಟ್ಟುಬರಬೇಕು, ಅದು ನಿಯಮ. ಹಾಗಾಗಿ ಹೇಳುವುದೇನಾದರೂ ಇದ್ದರೆ ಅಂದೇ ಹೇಳಬೇಕಿತ್ತು. ಅವಳು ಕಾದಳು. ಚಿಪ್ಸ್ ಮುಗಿಯಿತು. ಕಾಗದವನ್ನು ಮಡಚಿ ಮಡಚಿ ಚಿಕ್ಕದು ಮಾಡಿದಳು.

“ಫರ್ಗಸ್, ನಂಗೇನಾದ್ರೂ ಹೇಳೋದಿದ್ಯಾ?”

ಅವನು ಅವಳ ಮುಖ ನೋಡಿದ. ಬಹಳ ಹೊತ್ತು ನೋಡಿದ.

“ಗಾಳಿ ದಿಕ್ಕು ಬದಲಾಯ್ತು,” ಅಂದ.

ಅವಳು ಎದ್ದು, ಕಾಗದವನ್ನು ಕಸದ ಡಬ್ಬಿಗೆ ಹಾಕಿ, ಒಬ್ಬಳೇ ಬಸ್ಸು ಹತ್ತಿದಳು. ಮನಸ್ಸಿದ್ದ ಗಂಡಸು ಹಾಗೆ ಗಾಳಿಯ ಮಾತಾಡುತ್ತಾನೆಯೇ? ಇಲ್ಲ ಎಂದೇ ಅವಳು ತೀರ್ಮಾನಿಸಿದಳು. ತೀರ್ಮಾನವಾದ ಮೇಲೂ ಎದೆ ಉರಿಯುವುದು ನಿಲ್ಲಲಿಲ್ಲ, ಆ ಮಾತು ಬೇರೆ.

*

ನೂರು ಮೀಟರಿಗೆ ಹತ್ತಿರ ಉದ್ದದ ಆ ಯಂತ್ರವನ್ನು ಅದರೊಳಗಿನವರು ಬರಿಯ ‘ದೋಣಿ’ ಎನ್ನುತ್ತಾರೆ. ಉದ್ದ ಎಷ್ಟಿದ್ದರೇನು, ಓಣಿಯಲ್ಲಿ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕು. ಸೂರ್ಯ ಇಲ್ಲ, ಕಿಟಕಿ ಇಲ್ಲ. ವಾರ ಯಾವುದು ಎಂದು ಹೇಳುವುದು ಅಡುಗೆಮನೆ: ಶುಕ್ರವಾರ ಮೀನು, ಶನಿವಾರ ಸ್ಟೀಕ್, ಭಾನುವಾರ ಪಿಜ್ಜಾ.

ಬಂದ ಆರು ಜನರಲ್ಲಿ ನಾಲ್ವರು ಆಗಲೇ ವಿಸ್ಕಿ ಬಾಟಲಿಯೊಂದಿಗೆ ಇಳಿದುಹೋಗಿದ್ದರು. ಉಳಿದವರು ಇವರಿಬ್ಬರೇ. ಟೀಚರ್ ಆಗಿದ್ದ ಕಮಾಂಡರ್ ಹ್ಯಾಡೋ ದಿನಕ್ಕೊಬ್ಬರನ್ನು ಕ್ಯಾಪ್ಟನ್ ಮಾಡುತ್ತಿದ್ದರು. ಅಂದು ಶನಿವಾರ, ಫರ್ಗಸ್‌ನ ಸರದಿ. ಅವನ ಮೇಲೆ ಆಗಲೇ ಎರಡು ತಪ್ಪು ಬಿದ್ದಿದ್ದವು. ಇನ್ನೊಂದು ಬಿದ್ದರೆ ಮುಗಿಯಿತು.

ಕಂಟ್ರೋಲ್ ರೂಮಿಗೆ ಹೋಗುವ ಓಣಿಯಲ್ಲಿ ಇಬ್ಬರೂ ಎದುರಾದರು. ಅವಳು ಬೆನ್ನನ್ನು ಕೊಳವೆಗಳಿಗೆ ಒತ್ತಿ ದಾರಿ ಬಿಟ್ಟಳು. ಅವನು ಅಂಗಿಗೆ ಅಂಗಿ ತಾಗದಂತೆ ಉಸಿರು ಎಳೆದುಕೊಂಡು ಅಡ್ಡಡ್ಡಲಾಗಿ ಸರಿದ. ನಡುವೆ ಒಂದು ಬೆರಳಿನ ಜಾಗ. ಅವನ ಗದ್ದದ ಕೆಳಗೆ ಗಡ್ಡ ಹೆರೆಯುವಾಗ ಬಿಟ್ಟುಹೋದ ಒಂದು ಚೂರು ಅವಳಿಗೆ ಕಂಡಿತು.

“ದಾರಿ ಬಿಟ್ಟಿದ್ದಕ್ಕೆ ಥ್ಯಾಂಕ್ಸ್ ಹೇಳೋ ಪದ್ಧತಿ ಇದೆ, ಕ್ಯಾಪ್ಟನ್,” ಎಂದಳು.

“ಗೊತ್ತು.”

“ಮತ್ತೆ?”

“ಹೇಳಿದ ಹಾಗೇ ಅಂದುಕೊಳ್ಳಿ.”

“ಎಲ್ಲಾನೂ ನಾನೇ ಅಂದುಕೋಬೇಕು. ಗಡ್ಡದ ಚೂರು ಉಳಿದಿದೆ, ನೋಡ್ಕೊಳ್ಳಿ. ಟೀಚರ್ ಅದಕ್ಕೂ ಒಂದು ತಪ್ಪು ಹಾಕಿಯಾರು.”

ಕಣ್ಣಿನ ಮೂಲೆಯ ಗೆರೆ ಮೂಡಿತು. ಅವಳ ಕಣ್ಣು ಅಲ್ಲೇ ನಿಂತಿತು, ಅವನದು ಅವಳ ಕೆನ್ನೆಗೆ ಬಿದ್ದಿದ್ದ ಕೂದಲೆಳೆಯ ಮೇಲೆ. ಸರಿಸಲು ಇಬ್ಬರ ಕೈಗೂ ಅಪ್ಪಣೆಯಿಲ್ಲ. ಯಾರೋ ಚಹದ ತಟ್ಟೆ ಹಿಡಿದು ಹಿಂದಿನಿಂದ ಕೆಮ್ಮಿದರು. ಅವನು ಹೋಗಿಬಿಟ್ಟ.

*

ಆಟದ ನಿಯಮ ಸರಳ, ಆಡುವುದು ಕಷ್ಟ. ಆರನ್ ದ್ವೀಪದ ಬಳಿಯ ನೀರಿನ ಮೇಲೆ ಶತ್ರುವಿನ ಪಾತ್ರ ಆಡುವ ತಮ್ಮದೇ ಮೂರು ಯುದ್ಧನೌಕೆಗಳು. ಅವು ಜಲಾಂತರ್ಗಾಮಿಯನ್ನು ಹುಡುಕಿ ನೇರ ಅದರ ತಲೆಯ ಮೇಲೆ ನುಗ್ಗುತ್ತವೆ. ಕ್ಯಾಪ್ಟನ್ ನೀರಿನಿಂದ ಗೇಣುದ್ದ ಪೆರಿಸ್ಕೋಪ್ ಎತ್ತಿ, ಒಂದು ನೋಟ ನೋಡಿ ಇಳಿಸಬೇಕು. ಯಾವ ನೌಕೆ ಎಷ್ಟು ಹೊತ್ತಿಗೆ ಮೇಲೆ ಬಂದು ಬೀಳುತ್ತದೆ ಎಂದು ಲೆಕ್ಕ ಇಡಬೇಕು. ಬೇಗ ಆಳಕ್ಕೆ ಹೋದರೆ ಪುಕ್ಕಲು. ತಡವಾದರೆ ನೌಕೆಯ ತಳ ಬಂದು ಬಡಿಯುತ್ತದೆ. ಕ್ಯಾಪ್ಟನ್ ತಡಮಾಡಿದನೆಂದು ತೋರಿದರೆ ಕೋಣೆಯಲ್ಲಿರುವ ಯಾರಾದರೂ ‘ಆಳಕ್ಕೆ’ ಎಂದು ಕೂಗಬಹುದು. ಕೂಗಿದ್ದು ಸರಿಯಾದರೆ ಕ್ಯಾಪ್ಟನ್‌ಗೆ ತಪ್ಪು ಬೀಳುತ್ತದೆ. ಪರೀಕ್ಷೆಗೆ ಬಂದವರೇ ಸುಮ್ಮಸುಮ್ಮನೆ ಕೂಗಿದರೆ ಕೂಗಿದವರು ಮನೆಗೆ.

ವೆನ್ನಾ ಸ್ಟಾಪ್‌ವಾಚ್ ಹಿಡಿದು ಅವನ ಎಡಕ್ಕೆ ನಿಂತಿದ್ದಳು. ಟೀಚರ್ ತಮ್ಮದೇ ವಾಚು ಹಿಡಿದು ಬಲಕ್ಕೆ. ಇಡೀ ಕೋಣೆಗೆ ಹೊರಗಿನ ಲೋಕ ಕಾಣುವುದು ಪೆರಿಸ್ಕೋಪಿನ ಆ ಒಂದು ತೂತಿನಿಂದ. ಅದಕ್ಕೆ ಕಣ್ಣಿಟ್ಟವನೊಬ್ಬನೇ ಕಣ್ಣುಳ್ಳವನು, ಮಿಕ್ಕವರೆಲ್ಲ ಕುರುಡರು.

ಫರ್ಗಸ್ ಅಂದು ಚೆನ್ನಾಗಿಯೇ ನಡೆಸಿದ. ಮೊದಲ ನೌಕೆಯನ್ನು ತಪ್ಪಿಸಿದ, ಎರಡನೆಯದನ್ನೂ. ಅವನ ಸೊಂಟದ ಹಿಂದೆ ಅಂಗಿ ಬೆವರಿನಿಂದ ಅಂಟಿತ್ತು, ದನಿ ಮಾತ್ರ ಚರ್ಚಿನಲ್ಲಿ ಕೂತವನ ಹಾಗೆ ತಣ್ಣಗೆ. ವೆನ್ನಾಳ ಮನಸ್ಸು ಮೆಲ್ಲಗೆ ಹಿಗ್ಗತೊಡಗಿತು. ಗೆಲ್ಲುತ್ತಾನೆ, ಇವನು ಗೆಲ್ಲುತ್ತಾನೆ. ಇಬ್ಬರೂ ಗೆದ್ದು ದಡಕ್ಕಿಳಿದರೆ ಆಗ ನೋಡಿಕೊಳ್ಳೋಣ, ಗಾಳಿಯ ದಿಕ್ಕು ಹೇಗೆ ಬದಲಾಗುತ್ತದೋ.

“ಪೆರಿಸ್ಕೋಪ್ ಮೇಲೆ.”

ಮೂರನೆಯ ನೌಕೆ ತಿರುಗಿತ್ತು. ಅವನು ದೂರ ಹೇಳಿದ, ಅವಳು ವಾಚ್ ಒತ್ತಿದಳು. ಅವನು ಇಳಿಸಲಿಲ್ಲ. ಬಲಕ್ಕೆ ತಿರುಗಿಸಿ ಅಲ್ಲೇ ನಿಂತ.

ವಾಚಿನ ಮುಳ್ಳು ಓಡುತ್ತಿತ್ತು. ಅವನು ಇನ್ನೂ ಬಲಕ್ಕೇ ನೋಡುತ್ತಿದ್ದ. ಒಮ್ಮೆ ಇಳಿಸಿ, ಮತ್ತೆ ಎತ್ತಿ, ಮತ್ತೆ ಬಲಕ್ಕೆ. ನೌಕೆ ಬರುತ್ತಿದ್ದದ್ದು ಎದುರಿನಿಂದ.

‘ಹೇಳು, ಆಳಕ್ಕೆ ಅಂತ ಹೇಳು,’ ವೆನ್ನಾ ಮನಸ್ಸಿನಲ್ಲೇ ಬೇಡಿದಳು. ಕಬ್ಬಿಣದ ಗೋಡೆಯೊಳಗಿನಿಂದ ಸದ್ದು ಕೇಳತೊಡಗಿತು, ದೂರದ ರೈಲಿನ ಹಾಗೆ. ಮುಳ್ಳು ಗಡಿ ಮುಟ್ಟಿತು. ದಾಟಿತು. ಅವಳು ಟೀಚರ್ ಕಡೆ ನೋಡಿದಳು. ಅವರ ಬಾಯಿ ತೆರೆದಿರಲಿಲ್ಲ, ಕೈ ಅರ್ಧ ಎದ್ದಿತ್ತು.

ಅವಳಿಗೆ ಅತ್ತ ದರಿ, ಇತ್ತ ಪುಲಿ. ಅವಳು ಮಾಡಬೇಕಾದ್ದೇನೂ ಇರಲಿಲ್ಲ, ಬಾಯಿ ಮುಚ್ಚಿಕೊಂಡು ನಿಲ್ಲಬೇಕಿತ್ತು ಅಷ್ಟೇ. ಅವನೇ ಕೂಗಿಯಾನು. ಇಲ್ಲವೇ ಟೀಚರ್ ಕೂಗಿಯಾರು, ಆ ಪಾಪ ಅವರ ಕೈಯಿಂದಲೇ ಆಗಲಿ. ತನ್ನ ಬಾಯಿಂದ ಯಾಕೆ? ಅಡುಗೆಮನೆಯಲ್ಲಿ ಸ್ಟೀಕ್ ಹುರಿಯುತ್ತಿದ್ದರು. ಹಿಂದೆ ಒಲೆ ಕಾಯುವವರು, ಬಂಕಿನಲ್ಲಿ ನಿದ್ದೆ ಹೋದವರು, ಎಲ್ಲರೂ ಕಣ್ಣು ಕಾಣದೆ ಅವನೊಬ್ಬನನ್ನು ನಂಬಿದ್ದರು.

“ಆಳಕ್ಕೆ!” ಅವಳು ಕೂಗಿದಳು.

“ಎಡಕ್ಕೆ!” ಅದೇ ಉಸಿರಿನಲ್ಲಿ ಫರ್ಗಸ್ ಕೂಗಿದ. “ಪೂರ್ತಿ ಎಡಕ್ಕೆ! ಬಲಗಡೆ ಬಲೆ ಇದೆ!”

ದೋಣಿ ಮೂಗು ಮುಗ್ಗರಿಸಿ ಎಡಕ್ಕೆ ವಾಲಿತು. ಕಪ್ಪುಗಳು ಉರುಳಿದವು. ತಲೆಯ ಮೇಲೆ ಯುದ್ಧನೌಕೆ ತಗಡಿನ ಮಾಡಿನ ಮೇಲೆ ಬಂಡಿ ಓಡಿಸಿದ ಹಾಗೆ ಸದ್ದು ಮಾಡುತ್ತ ದಾಟಿಹೋಯಿತು. ಬಲಗಡೆಯ ಗೋಡೆಗೆ ಏನಾದರೂ ಕೆರೆಯುತ್ತದೆಯೋ, ಹಗ್ಗ ಎಳೆಯುತ್ತದೆಯೋ ಎಂದು ಎಲ್ಲರ ಕಿವಿ ಅಲ್ಲೇ ನೆಟ್ಟಿತ್ತು. ಏನೂ ಕೇಳಲಿಲ್ಲ.

“ಬಲೆ ಅಂದ್ರಿ,” ಟೀಚರ್ ಮೆಲ್ಲಗೆ ಹೇಳಿದರು. “ಯಾವ ಬಲೆ, ಕ್ಯಾಪ್ಟನ್?”

“ಮೀನುದೋಣಿ ಸರ್. ಬಲಗಡೆ ಬಲೆ ಎಳೀತಾ ಇತ್ತು. ಇದ್ದ ಹಾಗೇ ಆಳಕ್ಕೆ ಹೋಗಿದ್ರೆ ನಾವು ಅದಕ್ಕೆ ಸಿಕ್ಕಿಹಾಕಿಕೊಂಡು ಆ ದೋಣೀನ ಒಳಗೆ ಎಳ್ಕೊಂಡು ಹೋಗ್ತಿದ್ವಿ. ಹಗ್ಗ ಯಾವ ಕಡೆ ಬಿದ್ದಿದೆ ಅಂತ ನೋಡ್ತಿದ್ದೆ.”

ಮೂರು ನೌಕೆಗಳ ಗದ್ದಲದಲ್ಲಿ ಆ ಪುಟ್ಟ ದೋಣಿಯ ಸದ್ದು ನೀರೊಳಗಿನ ಸದ್ದು ಆಲಿಸುವ ಸೋನಾರಿನ ಕಿವಿಗೂ ಬಿದ್ದಿರಲಿಲ್ಲ.

“ಯಾವಾಗ ಕಂಡ್ರಿ ಅದನ್ನ?”

“ಅದರ ಹಿಂದಿನ ನೋಟದಲ್ಲೇ, ಸರ್.”

“ಯಾರಿಗೆ ಹೇಳಿದ್ರಿ?”

ಫರ್ಗಸ್ ಮಾತಾಡಲಿಲ್ಲ. ವೆನ್ನಾಳ ಕೈಯಲ್ಲಿದ್ದ ವಾಚು ಇನ್ನೂ ಓಡುತ್ತಲೇ ಇತ್ತು. ಅವನು ಆ ಕ್ಷಣದಲ್ಲಿ ಎಡಕ್ಕೆ ಎಂದು ಕೂಗದೆ ಇದ್ದಿದ್ದರೆ, ತನ್ನ ಒಂದು ಮಾತಿನಿಂದ ಗುರುತು ಪರಿಚಯವಿಲ್ಲದ ಮೀನುಗಾರರು ಮುಳುಗುತ್ತಿದ್ದರು. ಅವಳು ವಾಚು ನಿಲ್ಲಿಸಿದಳು.

*

ಟೀಚರ್ ಆಟ ನಿಲ್ಲಿಸಿದರು. ಮೀನುದೋಣಿ ತನ್ನ ಪಾಡಿಗೆ ಬಲೆ ಎಳೆದುಕೊಂಡು ಹೋಯಿತು; ತನ್ನ ಕೆಳಗೆ ಏನಾಯಿತೆಂದು ಅದಕ್ಕೆ ಗೊತ್ತೇ ಆಗಲಿಲ್ಲ.

ಮುಖ ತೊಳೆಯಲು ಬಂದ ವೆನ್ನಾಗೆ ಬಂಕುಗಳ ಬಳಿ ಡಾಬ್ಸನ್ ಕಂಡ. ದೋಣಿಯ ಹಿರಿಯ ನಾವಿಕ, ದಪ್ಪ ಮೀಸೆಯವನು, ಎಲ್ಲರಿಗೂ ಬೇಕಾದವನು. ಆದರೆ ಪರೀಕ್ಷೆಯ ದಿನಗಳಲ್ಲಿ ಅವನು ಬಂಕಿನ ಬಳಿ ಕಂಡರೆ ಯಮನನ್ನು ಕಂಡ ಹಾಗೆ, ಯಾಕೆಂದರೆ ಸೋತವರ ಚೀಲ ತುಂಬುವುದು ಅವನೇ. ಅವನು ನೀಲಿ ಜರ್ಸಿಯೊಂದನ್ನು ಮಡಚುತ್ತಿದ್ದ. ಎಲ್ಲರಿಗೂ ಅದೇ ಜರ್ಸಿ. ಮೇಲಿನ ಬಂಕು ಫರ್ಗಸ್‌ನದು, ಓಣಿಯ ಈಚೆಯದು ಅವಳದು. ಡಾಬ್ಸನ್ ಎರಡರ ನಡುವೆ ನಿಂತಿದ್ದ.

“ಯಾರದು ಡಾಬ್ಸನ್?”

ಅವನು ತಲೆ ಎತ್ತಲಿಲ್ಲ. “ನಾನು ಕೈಕೆಲಸದವನು ಮ್ಯಾಡಮ್. ಬಾಯಿ ನಂದಲ್ಲ.”

ನನ್ನದೇ ಇರಲಿ, ಎಂದುಕೊಂಡಳು ಅವಳು. ದೇವರೇ, ನನ್ನದೇ ಆಗಿರಲಿ. ಕಾಣದ್ದನ್ನು ಕೂಗಿದವಳು ನಾನು. ಆಗ ಡಾಬ್ಸನ್ ಚೀಲಕ್ಕೆ ಒಂದು ಜೊತೆ ದಪ್ಪ ಉಣ್ಣೆಯ ಕಾಲುಚೀಲ ಹಾಕಿದ, ಮಾಲೆಗ್‌ನ ಸೋದರತ್ತೆ ಫರ್ಗಸ್‌ಗೆ ಹೆಣೆದುಕೊಟ್ಟದ್ದು. ಅದರ ಕಿತ್ತಳೆ ಅಂಚನ್ನು ಆಡಿಕೊಂಡು ಅವಳು ಎಷ್ಟೋ ಸಲ ನಕ್ಕಿದ್ದಳು. ಈಗ ಗೋಡೆ ಹಿಡಿದು ನಿಂತಳು.

ಟೀಚರ್‌ರ ಕೋಣೆ ಎಂದರೆ ಒಂದು ಬೀರುವಿನಷ್ಟು. ಅವರು ಅವಳನ್ನು ಕೂರಲು ಹೇಳಿದರು. ಅವಳು ಕೂರಲಿಲ್ಲ.

“ಅವರು ಮಾಡಿದ್ದು ತಪ್ಪಲ್ಲ ಸರ್. ಆ ಮೀನುಗಾರರನ್ನ ಉಳಿಸಿದ್ದು ಅವರು. ತಪ್ಪು ಕೂಗಿದ್ದು ನಾನು.”

“ನೀವು ಕೂಗಿದ್ದು ಸರಿ. ಇನ್ನೊಂದು ಉಸಿರಿನಲ್ಲಿ ನಾನೇ ಕೂಗ್ತಿದ್ದೆ. ಅವನು ಕಾದದ್ದೂ ಸರಿ. ಬಲೆ ಇದೆ, ಎಡಕ್ಕೆ ತಿರುಗಿ ಆಳಕ್ಕೆ ಹೋಗ್ತೀನಿ ಅಂತ ಒಂದು ಮಾತು ಹೇಳಿದ್ರೆ ಈ ಕಷ್ಟವೇ ಇರ್ತಿರ್ಲಿಲ್ಲ. ಹಿಂದಿನ ಎರಡು ಸಲನೂ ಇದೇ ಕಥೆ. ಕಂಡದ್ದನ್ನ ಹೊಟ್ಟೇಲಿ ಇಟ್ಕೊಳ್ಳೋ ಕ್ಯಾಪ್ಟನ್ ಎಷ್ಟು ಒಳ್ಳೇವನಾದ್ರೂ ಅವನ ಜೊತೆ ಜನಾನ ಕಳಿಸೋಕಾಗಲ್ಲ.” ಅವರು ಕನ್ನಡಕ ತೆಗೆದು ಒರೆಸಿದರು. “ನಿಮ್ಮಿಬ್ಬರ ನಡುವೆ ಏನಾದ್ರೂ ಇದೆಯಾ?”

ಅವಳ ಕಿವಿ ಬಿಸಿಯಾಯಿತು. “ಇನ್ನೂ ಏನೂ ಇಲ್ಲ ಸರ್.”

“ಇನ್ನೂ?”

“ಅವರು ಏನೂ ಹೇಳಿಲ್ಲ.”

“ಅದೇ ರೋಗ,” ಎಂದರು ಟೀಚರ್. ಆಮೇಲೆ ದನಿ ಗಟ್ಟಿ ಮಾಡಿಕೊಂಡರು. “ಅವನು ಇಳಿದ ಕೂಡಲೇ ನಿಮ್ಮ ಕೊನೆಯ ಆಟ. ಮನಸ್ಸು ಇಲ್ಲಿಲ್ಲ ಅಂದ್ರೆ ಈಗಲೇ ಹೇಳಿ. ಆ ಮೋಟಾರು ದೋಣೀಲಿ ಇನ್ನೊಬ್ಬರಿಗೂ ಜಾಗ ಇದೆ.”

“ಇಲ್ಲೇ ಇದೆ ಸರ್,” ಎಂದಳು. ಸುಳ್ಳು ಹೇಳಿದಳೋ ನಿಜ ಹೇಳಿದಳೋ ಅವಳಿಗೇ ಗೊತ್ತಾಗಲಿಲ್ಲ.

*

ದೋಣಿ ಮೇಲೆದ್ದಿತ್ತು. ಮೇಲೆ ಮುಚ್ಚಳ ತೆರೆದ ಬಾಯಿಯಿಂದ ತಣ್ಣನೆಯ ಗಾಳಿ, ಉಪ್ಪಿನ ವಾಸನೆ, ಒಂದು ತುಂಡು ಹಗಲು ಏಣಿಯ ಕೆಳಗೆ ಬಿದ್ದಿತ್ತು. ಏಣಿಯ ಬುಡದಲ್ಲಿ ಫರ್ಗಸ್ ನಿಂತಿದ್ದ. ಒಂದು ಕಂಕುಳಲ್ಲಿ ಬಾಟಲಿ. ಚೀಲವನ್ನು ಡಾಬ್ಸನ್ ಹಿಡಿದಿದ್ದ. ಅಡುಗೆಯವನು ಬಾಗಿಲಿನಿಂದ ಇಣುಕಿದ. ಯಾರೂ ಸಂತಾಪ ಹೇಳುವುದಿಲ್ಲ, ಅದು ಅಲ್ಲಿನ ರೀತಿ.

ವೆನ್ನಾ ಅವನ ಎದುರು ಬಂದು ನಿಂತಳು. ಓಣಿಯಲ್ಲಿ ಬರುವಾಗ ಅವಳು ಹತ್ತು ಮಾತು ಜೋಡಿಸಿಕೊಂಡಿದ್ದಳು. ಅವನ ಗದ್ದದ ಕೆಳಗಿನ ಆ ಗಡ್ಡದ ಚೂರು ಕಂಡಿತು, ಹತ್ತೂ ಮರೆತುಹೋದವು.

“ಬಯ್ಯಿ ನನ್ನ,” ಎಂದಳು.

“ಯಾಕೆ?”

“ನಿನ್ನ ಇಲ್ಲಿಂದ ಇಳಿಸಿದ್ದು ನಾನು.”

“ನೀನು ನನ್ನ ಮುಖ ನೋಡಿ ಸುಮ್ಮನಿದ್ದಿದ್ರೆ,” ಅವನು ಒಂದೊಂದೇ ಮಾತು ಎತ್ತಿಟ್ಟ, “ನಾನು ಇನ್ನೆಂದೂ ನಿನ್ನ ಮುಖ ನೋಡ್ತಿರ್ಲಿಲ್ಲ. ನೂರು ಜನರ ಜೀವ ಅದು.”

“ಬಲೆ ಇದೆ ಅಂತ ಯಾಕೆ ಹೇಳಲಿಲ್ಲ ಮಾರಾಯ? ಒಂದೇ ಒಂದು ಮಾತು!”

“ಖಾತ್ರಿ ಆಗ್ಲಿ, ಆಮೇಲೆ ಹೇಳೋಣ ಅಂತ.” ಅವನು ಬಾಟಲಿಯನ್ನು ಈ ಕಂಕುಳಿನಿಂದ ಆ ಕಂಕುಳಿಗೆ ಬದಲಾಯಿಸಿದ. “ಎಲ್ಲಾದ್ರಲ್ಲೂ ಹಾಗೇ. ಖಾತ್ರಿ ಆಗೋಷ್ಟರಲ್ಲಿ ಹೊತ್ತು ಮೀರಿರುತ್ತೆ.”

“ಮೋಟಾರು ದೋಣಿ ಪಕ್ಕಕ್ಕೆ ಬಂತು ಸರ್,” ಎಂದ ಡಾಬ್ಸನ್.

ಫರ್ಗಸ್ ಏಣಿಗೆ ಕೈ ಹಾಕಿದ. ಆಮೇಲೆ ಕೈ ತೆಗೆದು ಪೂರ್ತಿ ಅವಳ ಕಡೆ ತಿರುಗಿದ.

“ವೆನ್ನಾ, ಈಗ ಎಲ್ಲಾ ಹೇಳ್ತೀನಿ. ಮಧ್ಯ ಬಾಯಿ ಹಾಕ್ಬೇಡ, ಹಾಕಿದ್ರೆ ನಿಂತುಹೋಗುತ್ತೆ. ಮೊದಲನೇ ದಿನ ನೀನು ಸರ್ ಸರ್ ಅಂದಾಗ ನಾನು ಸುಮ್ಮನಿದ್ದದ್ದು ತಮಾಷೆಗಲ್ಲ. ನೀನು ನಿಮ್ಮಮ್ಮನ ಅಂಗಡಿ ವಿಷಯ ಹೇಳ್ತಿದ್ದೆ, ಬಾಗಿಲ ಹತ್ರ ಬಿಸಿ ಆವಿ ಹೇಗೆ ಬರುತ್ತೆ ಅಂತ. ನಂಗೆ ಆ ಅಂಗಡಿ ಒಳಗೆ ನಿಂತ ಹಾಗಾಗಿತ್ತು, ಹೊರಗೆ ಬರೋಕೆ ಮನಸ್ಸಿರ್ಲಿಲ್ಲ. ಹೆಲೆನ್ಸ್‌ಬರೋದಲ್ಲಿ ಗಾಳಿ ಬದಲಾಗಿರ್ಲಿಲ್ಲ. ಗಾಳೀನೇ ಇರ್ಲಿಲ್ಲ. ನಿನ್ನ ಪ್ರೀತಿಸ್ತೀನಿ ಅಂತ ಹೇಳೋಕೆ ಬಾಯಿ ತೆಗೆದೆ, ಬೇರೇದು ಬಂತು. ದೋಣಿ ಹೋಯ್ತು, ಕೆಲಸ ಹೋಯ್ತು, ಅದು ನನ್ನ ತಪ್ಪು, ನಾನು ಹೊರ್ತೀನಿ. ಬಾಯಿ ಬಿಡದೆ ನಿನ್ನನ್ನೂ ಹೀಗೇ ಕಳ್ಕೋಬಾರದು. ಅಷ್ಟೇ. ಇಷ್ಟೇ ನಾನು ಕಂಡದ್ದು.”

ಅಡುಗೆಯವನ ಕೈಯಲ್ಲಿದ್ದ ಸೌಟಿನಿಂದ ಏನೋ ನೆಲಕ್ಕೆ ತೊಟ್ಟಿಕ್ಕಿತು. ಡಾಬ್ಸನ್ ಮೀಸೆ ತಿರುವಿಕೊಳ್ಳುತ್ತ ಮೇಲಿನ ಕೊಳವೆಗಳನ್ನು ಎಣಿಸುವವನ ಹಾಗೆ ನಿಂತ. ವೆನ್ನಾಳ ಕಣ್ಣು ತುಂಬಿತು. ಕೈ ತಾನಾಗಿ ಎದ್ದಿತು.

“ಬೇಡ,” ಎಂದ ಅವನು. “ಇನ್ನೂ ದೋಣೀಲೇ ಇದ್ದೀವಿ.”

“ಫರ್ಗಸ್, ನಾನು...”

“ಕ್ಯಾಪ್ಟನ್ ಟ್ರೆವೋಸ್, ಕಂಟ್ರೋಲ್ ರೂಮಿಗೆ,” ಎಂದಿತು ಧ್ವನಿವರ್ಧಕ.

“ಹೋಗು, ಕ್ಯಾಪ್ಟನ್,” ಎಂದು ಅವನು ಗೋಡೆಗೆ ಅಂಟಿ ಅವಳಿಗೆ ದಾರಿ ಬಿಟ್ಟ.

ಅವಳು ಹೋದಳು. ಹಿಂದೆ ಏಣಿಯ ಮೇಲೆ ಅವನ ಬೂಟಿನ ಸದ್ದು ಮೇಲೆ ಮೇಲೆ ಹೋಗಿ ನಿಂತಿತು. ಆಮೇಲೆ ಮುಚ್ಚಳ ಬಿದ್ದ ಸದ್ದು.

*

ದೋಣಿ ಮತ್ತೆ ನೀರಿಗಿಳಿಯಿತು. ಕಂಟ್ರೋಲ್ ರೂಮಿನಲ್ಲಿ ಯಾರೂ ಅವಳ ಮುಖ ನೋಡಲಿಲ್ಲ. ಸುದ್ದಿ ಅಡುಗೆಮನೆಯಿಂದ ಅವಳಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು ಎಂಬುದು ಅವರ ಕುತ್ತಿಗೆಗಳಲ್ಲೇ ಗೊತ್ತಾಗುತ್ತಿತ್ತು. ಟೀಚರ್ ವಾಚು ಹಿಡಿದು ಬಲಕ್ಕೆ ನಿಂತರು.

“ದೋಣಿ ನಿಮ್ಮದು, ಕ್ಯಾಪ್ಟನ್.”

“ಪೆರಿಸ್ಕೋಪ್ ಮೇಲೆ.”

ಅವಳು ಕಣ್ಣಿಟ್ಟು ಸುತ್ತ ತಿರುಗಿದಳು. ಕಂಡದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತ ಹೋದಳು. “ಎಡಕ್ಕೆ ಆರನ್ ದ್ವೀಪ. ಎದುರಿಗೆ ಯುದ್ಧನೌಕೆ ಮೂರು, ದೂರದಲ್ಲಿವೆ, ಇನ್ನೂ ತಿರುಗಿಲ್ಲ. ಬಲಕ್ಕೆ ನೀರು ಖಾಲಿ, ಮೀನುದೋಣಿ ಇಲ್ಲ, ಬಲೆ ಇಲ್ಲ. ಹಿಂದೆ...”

ಅವಳು ನಿಂತಳು.

“ಹಿಂದೆ ಏನು?” ಎಂದರು ಟೀಚರ್.

“ಹಿಂದೆ ಒಂದು ಮೋಟಾರು ದೋಣಿ. ನಮ್ಮಿಂದ ದೂರ ಹೋಗ್ತಿದೆ.”

ಅಲ್ಲಿಗೆ ಬಿಡಬಹುದಿತ್ತು. ಲೆಕ್ಕಕ್ಕೆ ಬೇಕಾದ್ದು ಅಷ್ಟೇ. ಉಳಿದದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಆಟ ಮುಗಿಸಿ, ದಡಕ್ಕಿಳಿದು, ಖಾತ್ರಿ ಮಾಡಿಕೊಂಡು ಆಮೇಲೆ ನಿಧಾನವಾಗಿ ಹೇಳಬಹುದಿತ್ತು. ವೆನ್ನಾ ಹಿಡಿಕೆಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಅದರಲ್ಲಿ ಒಬ್ಬರು ಎದ್ದು ನಿಂತಿದ್ದಾರೆ. ಫರ್ಗಸ್ ಗಿಲ್ಲೀಸ್. ನಾನು ಅವರನ್ನ ಪ್ರೀತಿಸ್ತೀನಿ. ದಡಕ್ಕೆ ಹೋದ ಮೇಲೆ ಅವರನ್ನ ಮದುವೆ ಆಗೋ ಉದ್ದೇಶ ಇದೆ. ಪೆರಿಸ್ಕೋಪ್ ಕೆಳಗೆ.”

ಕೊಳವೆ ಸುಯ್ಯೆಂದು ಇಳಿಯಿತು. ನಕ್ಷೆಯ ಮೇಜಿನಿಂದ ಯಾರದೋ ಪೆನ್ಸಿಲ್ ಉರುಳಿ ಬಿತ್ತು. ಟೀಚರ್‌ರ ಬೋಳುತಲೆ ಕೆಂಪಾಗಿತ್ತು, ಕೋಪಕ್ಕೋ ಮತ್ತೊಂದಕ್ಕೋ ತಿಳಿಯುವಂತಿರಲಿಲ್ಲ.

“ಆ ದೋಣಿಯಿಂದ ನಮಗೆ ಅಪಾಯ ಇದೆಯಾ, ಕ್ಯಾಪ್ಟನ್?”

“ಇಲ್ಲ ಸರ್. ನಿಯಮಕ್ಕೂ ಇಲ್ಲ. ಅವರೀಗ ನಮ್ಮ ದೋಣೀಲಿಲ್ಲ.”

ಟೀಚರ್ ತಮ್ಮ ವಾಚು ನೋಡಿದರು. ಆಮೇಲೆ ತಲೆ ತಿರುಗಿಸದೆಯೇ ಹೇಳಿದರು.

“ರೇಡಿಯೊ. ಕ್ಯಾಪ್ಟನ್ ಕಂಡದ್ದನ್ನ ಆ ಮೋಟಾರು ದೋಣಿಗೂ ತಿಳಿಸಿ. ಹೇಳಿದ್ದು ಹೇಳಿದ ಹಾಗೇ. ಒಂದಕ್ಷರ ಬಿಡಬೇಡಿ.”

ರೇಡಿಯೊದವನು ಗಂಟಲು ಸರಿಮಾಡಿಕೊಂಡು ಮೈಕು ಎತ್ತಿಕೊಂಡ. ಮದುವೆಯ ಮಾತು ಬಂದಾಗ ಅವನ ದನಿ ತುಸು ಕೀರಲಾಯಿತು. ವೆನ್ನಾ ನೆಲ ನೋಡುತ್ತ ಮುಂದಿನ ನೋಟಕ್ಕೆ ಕಾದಳು. ಅವಳ ಇಡೀ ಆಯುಷ್ಯದಲ್ಲಿ ಅಷ್ಟು ಉದ್ದದ ಕಾಯುವಿಕೆ ಬೇರೆ ಇರಲಿಲ್ಲ.

“ಪೆರಿಸ್ಕೋಪ್ ಮೇಲೆ.”

ಮೊದಲು ಎದುರಿಗೆ ನೋಡಿದಳು, ಹಾಗೆಯೇ ನೋಡಬೇಕು. “ಒಂದನೇ ಯುದ್ಧನೌಕೆ ತಿರುಗಿದೆ. ನಮ್ಮ ಕಡೆಗೇ. ವಾಚ್ ಒತ್ತಿ.” ಬಲಕ್ಕೆ, ಎಡಕ್ಕೆ, ಆಮೇಲೆ ಹಿಂದಕ್ಕೆ. ಹಿಡಿಕೆಗಳು ಅಲ್ಲೇ ನಿಂತವು.

“ಹಿಂದೆ?” ಟೀಚರ್ ಕೇಳಿದರು. ಇಡೀ ಕೋಣೆ ಕಿವಿಯಾಗಿತ್ತು.

“ಮೋಟಾರು ದೋಣಿ ನಿಂತಿದೆ ಸರ್. ಅವರು ಟೋಪಿ ತೆಗೆದು ಬೀಸ್ತಿದ್ದಾರೆ. ಬಾಯಿ ತೆಗೆದು ಏನೋ ಕೂಗ್ತಿದ್ದಾರೆ, ಇಲ್ಲಿಗೆ ಕೇಳಲ್ಲ ಅಂತ ಗೊತ್ತಿದ್ದೂ.” ಅವಳು ನಗುತ್ತಿದ್ದಳು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಅದನ್ನು ಒರೆಸಲು ಕೈ ಬಿಡುವಿರಲಿಲ್ಲ. “ಇನ್ನೂ ಕೂಗ್ತಾನೇ ಇದ್ದಾರೆ ಸರ್. ನಿಲ್ಲಿಸೋ ಲಕ್ಷಣ ಇಲ್ಲ. ಪೆರಿಸ್ಕೋಪ್ ಕೆಳಗೆ.”